ಮ್ಯಾಗಝಿನ್ ಎಂಬ ಉಗ್ರಾಣ

ನಿಮ್ಮ ಕೈಯಲ್ಲಿರುವ ಈ ಪುಸ್ತಕವನ್ನು ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತೀರಿ? ಹಿರಿಯರಾದರೆ ‘ಮಾಸಪತ್ರಿಕೆ’ ಎನ್ನುತ್ತಾರೆ. ಉರ್ದು ಮಾತಾಡುವ ಮನೆಗಳಲ್ಲಿ ‘ರಿಸಾಲಾ’ ಎನ್ನುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಗೆ ಮಾತ್ರ ಇದು ‘ಮ್ಯಾಗಝಿನ್’. ಅದು ಅಪ್ಪಟ ಇಂಗ್ಲಿಷ್ ಪದ ಎಂಬುದರಲ್ಲಿ ಅವರಿಗೆ ಸಂಶಯವೇ ಇಲ್ಲ. ಇಂಗ್ಲಿಷ್ ನಿಘಂಟಿನಲ್ಲಿ ಇದೆ, ಇಂಗ್ಲಿಷ್ ಟೀಚರ್ ಹೇಳಿಕೊಟ್ಟಿದ್ದಾರೆ, ಇನ್ನೇನು ಬೇಕು?

ಆದರೆ ಮದ್ರಸದಲ್ಲಿ ಅರಬಿ ವ್ಯಾಕರಣದ ಮೊದಲ ಪಾಠಗಳನ್ನು ಕಲಿತ ಹುಡುಗಿಯೊಬ್ಬಳು ಸ್ವಲ್ಪ ಯೋಚಿಸಿದರೆ ಈ ಪದದ ಹುಟ್ಟೂರನ್ನು ತಾನೇ ಪತ್ತೆ ಹಚ್ಚಬಲ್ಲಳು. ಅದಕ್ಕೆ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ.

ಅರಬಿ ಭಾಷೆಯಲ್ಲಿ ಹೆಚ್ಚಿನ ಪದಗಳು ಮೂರಕ್ಷರದ ಧಾತುಗಳಿಂದ ಹುಟ್ಟುತ್ತವೆ. ಖ, ಝ, ನ ಎಂಬ ಮೂರಕ್ಷರಗಳು ಸೇರಿದರೆ ‘ಖಝನ’. ಅಂದರೆ ಕೂಡಿಟ್ಟನು, ಜೋಪಾನವಾಗಿ ಸಂಗ್ರಹಿಸಿದನು. ಈ ಧಾತುವಿನ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೇ ಓಡಾಡಿಕೊಂಡಿದ್ದಾರೆ. ಕನ್ನಡದಲ್ಲಿ ಜಾತಿ ಮತ ಭೇದವಿಲ್ಲದೆ ಎಲ್ಲರೂ ಬಳಸುವ ‘ಖಜಾನೆ’ ಇದೇ ಮನೆತನದ್ದು. ಸಂಘದ ಲೆಕ್ಕಪತ್ರ ನೋಡಿಕೊಳ್ಳುವ ‘ಖಜಾಂಚಿ’ಯೂ ಅಲ್ಲಿಯವನೇ. ಗಲ್ಫಿನಲ್ಲಿ ದುಡಿದು ಬಂದವರನ್ನು ಕೇಳಿ ನೋಡಿ, ಅಲ್ಲಿ ಮಹಡಿಯ ಮೇಲಿನ ನೀರಿನ ಟ್ಯಾಂಕಿಗೆ ‘ಖಝ್ಝಾನ್’ ಎನ್ನುತ್ತಾರೆ. ಬಟ್ಟೆ ಇಡುವ ಕಪಾಟು ‘ಖಿಝಾನ’. ಹಣವಾಗಲಿ, ನೀರಾಗಲಿ, ಬಟ್ಟೆಯಾಗಲಿ, ಕೂಡಿಡುವುದು ಎಂಬ ಅರ್ಥ ಮಾತ್ರ ಎಲ್ಲ ಕಡೆಯೂ ಒಂದೇ.

ಇನ್ನು ಈ ಧಾತುವಿನ ಮುಂದೆ ಒಂದು ‘ಮ’ ಸೇರಿಸಿ. ಅರಬಿಯಲ್ಲಿ ಹೀಗೆ ‘ಮ’ ಸೇರಿ ಒಂದು ನಿರ್ದಿಷ್ಟ ಅಚ್ಚಿಗೆ ಬಂದ ಪದ ಆ ಕೆಲಸ ನಡೆಯುವ ಜಾಗವನ್ನು ಸೂಚಿಸುತ್ತದೆ. ಕನ್ನಡದಲ್ಲಿ ‘ಆಲಯ’ ಮಾಡುವ ಕೆಲಸವನ್ನು ಅಲ್ಲಿ ಈ ಒಂದು ‘ಮ’ ಮಾಡುತ್ತದೆ ಎಂದುಕೊಳ್ಳಿ. ಸುಜೂದ್ ಮಾಡುವ ಜಾಗ ಮಸ್ಜಿದ್. ದರ್ಸ್, ಅಂದರೆ ಪಾಠ ನಡೆಯುವ ಜಾಗ ಮದ್ರಸ. ಕುಳಿತುಕೊಳ್ಳುವ ಜಾಗ ಮಜ್ಲಿಸ್. ಅಡುಗೆ ಬೇಯುವ ಜಾಗ ಮತ್ಬಖ್. ಹಾಗಾದರೆ ಕೂಡಿಡುವ ಜಾಗ? ಮಖ್ಝನ್. ಒಂದಕ್ಕಿಂತ ಹೆಚ್ಚಿದ್ದರೆ ಮಖಾಝಿನ್.

ಇದನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಮಖಾಝಿನ್. ಮ್ಯಾಗಝಿನ್. ತರಗತಿಯಲ್ಲಿ ನಾನು ಈ ಎರಡು ಪದಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ಸಣ್ಣ ಗದ್ದಲ ಏಳುತ್ತದೆ. ವ್ಯಾಕರಣದ ತರಗತಿಯಲ್ಲಿ ಅಂತಹ ಗದ್ದಲ ಅಪರೂಪ. ಹಾಗಾಗಿ ನಾನು ಗದರಿಸುವುದಿಲ್ಲ.

ಕೂಡಿಡುವುದರಲ್ಲೂ ಎರಡು ಬಗೆ

ಕೂಡಿಡುವುದು ಒಳ್ಳೆಯದೋ ಕೆಟ್ಟದ್ದೋ? ಪವಿತ್ರ ಕುರ್‌ಆನ್ ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಯೂಸುಫ್ ಅಧ್ಯಾಯದ 55ನೇ ಸೂಕ್ತದಲ್ಲಿ ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನ ಅರಸನೊಡನೆ, ನಾಡಿನ ಭಂಡಾರಗಳನ್ನು ತನಗೆ ವಹಿಸಿಕೊಡುವಂತೆ ಕೇಳಿಕೊಳ್ಳುತ್ತಾರೆ. ಅಲ್ಲಿ ಭಂಡಾರಗಳಿಗೆ ಬಳಕೆಯಾದ ಪದ ‘ಖಝಾಇನ್’. ನಮ್ಮ ಮಖ್ಝನ್‌ನ ಒಡಹುಟ್ಟು. ಆ ಭಂಡಾರದಲ್ಲಿ ಇದ್ದದ್ದು ಚಿನ್ನವಲ್ಲ, ಧಾನ್ಯ. ಸುಭಿಕ್ಷದ ಏಳು ವರ್ಷಗಳಲ್ಲಿ ತಿನ್ನಲು ಬೇಕಾದಷ್ಟು ಮಾತ್ರ ತೆಗೆದು ಉಳಿದುದನ್ನು ತೆನೆಯಲ್ಲೇ ಬಿಡಬೇಕೆಂದು ಅವರು ಮೊದಲೇ ಹೇಳಿದ್ದರು. ತೆನೆಯಿಂದ ಬಿಡಿಸದ ಕಾಳು ಬೇಗ ಹುಳ ಹಿಡಿಯುವುದಿಲ್ಲ ಎಂಬುದು ಕೃಷಿಕರ ಮನೆಯ ಹೆಣ್ಣುಮಕ್ಕಳಿಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಮುಂದೆ ಬರಗಾಲ ಬಂದಾಗ ಆ ಉಗ್ರಾಣದ ಬಾಗಿಲು ತೆರೆಯಿತು. ತನ್ನನ್ನು ಬಾವಿಗೆ ತಳ್ಳಿದ ಅಣ್ಣಂದಿರಿಗೂ ಅವರು ಅಲ್ಲಿಂದಲೇ ಅಳೆದು ಕೊಟ್ಟರು.

ಅದೇ ಕುರ್‌ಆನಿನಲ್ಲಿ ತೌಬಾ ಅಧ್ಯಾಯದ 34ನೇ ಸೂಕ್ತ ಚಿನ್ನ ಬೆಳ್ಳಿಯನ್ನು ಗುಡ್ಡೆ ಹಾಕಿ, ಅಲ್ಲಾಹನ ಮಾರ್ಗದಲ್ಲಿ ಖರ್ಚು ಮಾಡದವರಿಗೆ ಕಠಿಣ ಎಚ್ಚರಿಕೆ ನೀಡುತ್ತದೆ. ಅಲ್ಲಿ ಬಳಕೆಯಾಗಿರುವುದು ಬೇರೆಯೇ ಧಾತು. ‘ಕನ್ಝ್’, ನಿಧಿ, ಎಂಬ ಪದ ಬರುವುದು ಆ ಧಾತುವಿನಿಂದ. ಹಂಚಲೆಂದು ಕೂಡಿಡುವುದು ಒಂದು, ಹೂತಿಡುವುದು ಇನ್ನೊಂದು. ಪತ್ರಿಕೆಗೆ ಮೊದಲನೆಯ ಬಗೆಯ ಪದದಿಂದ ಹೆಸರು ಬಂದಿರುವುದು ನನಗೆ ಸಂತೋಷದ ವಿಷಯ.

ಈ ಕನ್ಝ್ ಮೂಲತಃ ಅರಬಿಯದ್ದೂ ಅಲ್ಲ. ಪಾರಸಿಯ ‘ಗಂಜ್’ನಿಂದ ಅರಬಿಗೆ ಬಂದದ್ದೆಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಗಂಜ್ ಎಂದರೆ ನಿಧಿ, ಭಂಡಾರ. ಅದೇ ಗಂಜ್ ಭಾರತಕ್ಕೆ ಬಂದು ಧಾನ್ಯದ ಪೇಟೆಯಾಯಿತು. ಕಲಬುರಗಿ, ರಾಯಚೂರಿನ ಕಡೆಯವರು ತೊಗರಿ, ಜೋಳ ಮಾರಲು ಇಂದಿಗೂ ‘ಗಂಜ್‌ಗೆ ಹೋಗಿ ಬರ್ತೀನಿ’ ಎನ್ನುತ್ತಾರೆ. ಕೂಡಿಡುವ ಜಾಗ ಮೆಲ್ಲನೆ ಮಾರುವ ಜಾಗವಾಗುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಮಖ್ಝನ್‌ಗೂ ಇದೇ ಗತಿಯಾಗುವುದನ್ನು ನೋಡಲಿದ್ದೀರಿ.

ಕಡಲು ದಾಟಿದ ಪದ

ಮಧ್ಯಯುಗದಲ್ಲಿ ವೆನಿಸ್, ಜಿನೋವಾ, ಪೀಸಾ ನಗರಗಳ ವರ್ತಕರು ಮೆಡಿಟರೇನಿಯನ್ ಕಡಲಿನ ಆಚೆ ದಡದ ಅಲೆಕ್ಸಾಂಡ್ರಿಯ, ಟ್ಯೂನಿಸ್ ಮುಂತಾದ ಬಂದರುಗಳಿಗೆ ಬರುತ್ತಿದ್ದರು. ಮೆಣಸು, ಬಟ್ಟೆ, ಸಕ್ಕರೆ ತುಂಬಿದ ಅರಬರ ಗೋದಾಮುಗಳು ಅವರ ಕಣ್ಣಿಗೆ ಬಿದ್ದವು. ಸರಕಿನ ಜೊತೆಗೆ ಪದಗಳೂ ಹಡಗು ಹತ್ತಿದವು. ‘ತಅ್‌ರೀಫ್’ ಅವರ ಬಾಯಲ್ಲಿ ಟ್ಯಾರಿಫ್ ಆದದ್ದು ಹೀಗೆಯೇ. ಮಖಾಝಿನ್ ಇಟಲಿಯಲ್ಲಿ ‘ಮಗತ್ಸೀನೊ’ ಆಯಿತು, ಫ್ರಾನ್ಸಿನಲ್ಲಿ ‘ಮಗಝಾ’ ಆಯಿತು. ಸ್ಪೇನಿನವರು ಮುಸ್ಲಿಮರ ಜೊತೆ ಶತಮಾನಗಳ ಕಾಲ ಬದುಕಿದವರು, ಅವರು ಪದದ ಮುಂದಿನ ‘ಅಲ್’ ಅನ್ನೂ ಬಿಡದೆ ‘ಅಲ್ಮಸೇನ್’ ಎಂದರು. 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷರೂ ಫ್ರೆಂಚರಿಂದ ಅದನ್ನು ಪಡೆದುಕೊಂಡರು. ಆಗ ಅದರ ಅರ್ಥ ಗೋದಾಮು ಎಂದಷ್ಟೇ. ಓದುವ ಪುಸ್ತಕಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಫ್ರೆಂಚರ ಮಗಝಾ ಕಾಲಕ್ರಮೇಣ ‘ಅಂಗಡಿ’ ಎಂಬ ಅರ್ಥ ಪಡೆಯಿತು. ಅವರಿಂದ ಅದು ಬೇರೆ ಭಾಷೆಗಳಿಗೂ ಹರಡಿತು. ರಷ್ಯಾಕ್ಕೆ ವೈದ್ಯಕೀಯ ಓದಲು ಹೋದ ನಮ್ಮ ಮಕ್ಕಳು ಬೀದಿ ಬೀದಿಯಲ್ಲಿ ‘ಮಗಝಿನ್’ ಎಂಬ ಬೋರ್ಡು ನೋಡಿ ಇಲ್ಲಿನವರು ಇಷ್ಟೊಂದು ಓದುತ್ತಾರೆಯೇ ಎಂದು ಬೆರಗಾದರೆ ತಪ್ಪಿಲ್ಲ. ಅಲ್ಲಿ ಅದು ಬ್ರೆಡ್ಡು, ಹಾಲು ಮಾರುವ ಅಂಗಡಿ. ಇರಾನಿನಲ್ಲೂ ಅಂಗಡಿಗೆ ‘ಮಗಾಝೆ’ ಎನ್ನುತ್ತಾರೆ. ತಮಾಷೆಯೆಂದರೆ ಅರಬಿಯ ಮಖ್ಝನ್ ಇರಾನಿಗೆ ಪಕ್ಕದ ಮನೆಯದ್ದು. 12ನೇ ಶತಮಾನದಲ್ಲೇ ಮಹಾಕವಿ ನಿಝಾಮಿ ತನ್ನ ಕಾವ್ಯಕ್ಕೆ ‘ಮಖ್ಝನುಲ್ ಅಸ್ರಾರ್’, ಅಂದರೆ ರಹಸ್ಯಗಳ ಭಂಡಾರ, ಎಂದು ಹೆಸರಿಟ್ಟಿದ್ದ. ಅದೇ ಪದ ಫ್ರಾನ್ಸ್ ಸುತ್ತಿ ವೇಷ ಬದಲಿಸಿಕೊಂಡು ಬಂದಾಗ ಇರಾನಿನವರು ಅದನ್ನು ಹೊಸ ನೆಂಟನೆಂದೇ ಒಳಗೆ ಕರೆದುಕೊಂಡರು. ಮೊರೊಕ್ಕೊ ದೇಶದಲ್ಲಾದರೆ ‘ಮಖ್ಝನ್’ ಎಂದರೆ ಸರಕಾರ! ಖಜಾನೆ ಯಾರ ಕೈಯಲ್ಲಿದೆಯೋ ಅವರೇ ಸರಕಾರ ಎಂಬುದನ್ನು ಅಲ್ಲಿನವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ಪತ್ರಿಕೆಗೂ ಬಂದೂಕಿನಲ್ಲಿ ಗುಂಡು ತುಂಬುವ ಭಾಗಕ್ಕೂ ಒಂದೇ ಹೆಸರು ಏಕೆ ಎಂದು ಮಕ್ಕಳು ಕೇಳುವುದುಂಟು. ಗೋದಾಮಿನಲ್ಲಿ ಏನನ್ನೂ ಇಡಬಹುದಲ್ಲವೇ? ಸೈನ್ಯದವರು ಮದ್ದುಗುಂಡು ಇಟ್ಟರು. ಮದ್ದಿನ ಮನೆ ಮ್ಯಾಗಝಿನ್ ಆಯಿತು, ಕೊನೆಗೆ ಬಂದೂಕಿನೊಳಗಿನ ಪುಟ್ಟ ಗುಂಡಿನ ಪೆಟ್ಟಿಗೆಗೂ ಅದೇ ಹೆಸರು ಅಂಟಿಕೊಂಡಿತು. ಭಾರತಕ್ಕೆ ಈ ಪದ ಮೊದಲು ಬಂದದ್ದೂ ಮದ್ದಿನ ವಾಸನೆಯ ಜೊತೆಗೇ. 1857ರ ಮೇ 11ರಂದು ದಿಲ್ಲಿಯಲ್ಲಿ ಸಿಪಾಯಿಗಳ ಕೈಗೆ ಸಿಗಬಾರದೆಂದು ಬ್ರಿಟಿಷರು ತಾವೇ ಸ್ಫೋಟಿಸಿದ್ದು ಇಂತಹ ಒಂದು ಮ್ಯಾಗಝಿನನ್ನು. ಕಾಶ್ಮೀರಿ ಗೇಟಿನ ಬಳಿ ಅದರ ಅವಶೇಷ ಇಂದಿಗೂ ಇದೆ. ಮಂಗಳೂರಿನ ಬೋಳೂರಿನಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಅಡಿಯಲ್ಲಿ ಮದ್ದು ಇಡುವ ನೆಲಮಾಳಿಗೆ ಇದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಇಂತಹ ಒಂದು ಶಸ್ತ್ರಾಗಾರ ರೈಲಿನ ಜೋಡಿ ಹಳಿಗೆ ಅಡ್ಡ ಬಂದಾಗ, 2017ರಲ್ಲಿ ಅದನ್ನು ಒಡೆಯದೆ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ಕೂಡಿಟ್ಟದ್ದನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ದಾರಿ ಸಿಗುತ್ತದೆ.

ಚಮ್ಮಾರನ ಮಗನ ಉಪಾಯ

ಗೋದಾಮು ಪುಸ್ತಕವಾದದ್ದು ಲಂಡನ್ನಿನಲ್ಲಿ. ಅದಕ್ಕೆ ಕಾರಣನಾದವನು ಎಡ್ವರ್ಡ್ ಕೇವ್. ಚಪ್ಪಲಿ ಹೊಲಿಯುವವನ ಮಗ. ಒಳ್ಳೆಯ ಶಾಲೆಯಲ್ಲಿ ಓದುವ ಅವಕಾಶವೇನೋ ಸಿಕ್ಕಿತ್ತು. ಆದರೆ ಮುಖ್ಯ ಗುರುಗಳ ಪತ್ನಿಯ ಕೋಳಿಗೂಡಿಗೆ ಕೈ ಹಾಕಿದನೆಂಬ ಆರೋಪ ಹೊತ್ತು, ಓದು ಅರ್ಧಕ್ಕೇ ನಿಂತಿತು. ಮುದ್ರಣದ ಕೆಲಸ ಕಲಿತ, ಅಂಚೆ ಇಲಾಖೆಯಲ್ಲಿ ನೌಕರಿ ಹಿಡಿದ. ಊರೂರಿನ ಸುದ್ದಿ ಪತ್ರಿಕೆಗಳು ಅಂಚೆಯ ಮೂಲಕ ಅವನ ಕೈ ದಾಟಿ ಹೋಗುತ್ತಿದ್ದವು. ಆಗ ಲಂಡನ್ನಿನಲ್ಲಿ ಪತ್ರಿಕೆಗಳ ಸಂಖ್ಯೆ ವಿಪರೀತ ಹೆಚ್ಚಿತ್ತು. ಒಬ್ಬನೇ ಮನುಷ್ಯ ಎಲ್ಲವನ್ನೂ ಕೊಂಡು ಓದುವುದು ಸಾಧ್ಯವೇ ಇರಲಿಲ್ಲ. ಅವುಗಳಲ್ಲಿ ಉಳಿಸಿಕೊಳ್ಳತಕ್ಕದ್ದನ್ನು ಆರಿಸಿ ತಿಂಗಳಿಗೊಮ್ಮೆ ಒಂದೇ ಕಡೆ ಕೂಡಿಟ್ಟು ಕೊಟ್ಟರೆ ಹೇಗೆ ಎಂದು ಅವನು ಯೋಚಿಸಿದ. ಹಲವು ಮುದ್ರಕರ, ಪುಸ್ತಕ ವ್ಯಾಪಾರಿಗಳ ಬಳಿ ಹೇಳಿಕೊಂಡ. ಇದು ನಡೆಯುವ ವ್ಯವಹಾರವಲ್ಲ ಎಂದು ಎಲ್ಲರೂ ಕೈ ಚೆಲ್ಲಿದರು.

ಕೊನೆಗೆ ಅವನೇ 1731ರ ಜನವರಿಯಲ್ಲಿ ‘ದ ಜೆಂಟಲ್‌ಮನ್ಸ್ ಮ್ಯಾಗಝಿನ್’ ಹೊರತಂದ. ಸಜ್ಜನರ ಉಗ್ರಾಣ ಎಂದು ಅದರ ಅರ್ಥ. ನಿಯತಕಾಲಿಕವೊಂದಕ್ಕೆ ಮ್ಯಾಗಝಿನ್ ಎಂದು ಹೆಸರಿಟ್ಟದ್ದು ಅದೇ ಮೊದಲು. ಅದಕ್ಕಿಂತ ಹಿಂದೆ ಒಂದೊಂದು ವಿಷಯದ ಮಾಹಿತಿ ತುಂಬಿದ ಪುಸ್ತಕಗಳನ್ನು ಕೆಲವರು ಹಾಗೆ ಕರೆದದ್ದುಂಟು. ಆದರೆ ತಿಂಗಳು ತಿಂಗಳು ಮನೆಗೆ ಬರುವ ಉಗ್ರಾಣ ಯಾರ ಕಲ್ಪನೆಗೂ ಬಂದಿರಲಿಲ್ಲ. ಮುಂದೆ ಪ್ರಸಿದ್ಧ ವಿದ್ವಾಂಸನಾದ ಸ್ಯಾಮ್ಯುಯೆಲ್ ಜಾನ್ಸನ್ ಕಷ್ಟದ ದಿನಗಳಲ್ಲಿ ಹೊಟ್ಟೆ ಹೊರೆದದ್ದು ಇದಕ್ಕೆ ಬರೆದು. 10,000 ಪ್ರತಿ ಖರ್ಚಾಗುತ್ತಿತ್ತೆಂದು ಅವನು ಹೇಳಿದ್ದಾನೆ. ನಡೆಯುವುದಿಲ್ಲ ಎಂದವರೆಲ್ಲ ಈಗ ನಕಲು ಮಾಡಲು ಮುಂದಾದರು. 1732ರಲ್ಲೇ ‘ಲಂಡನ್ ಮ್ಯಾಗಝಿನ್’ ಬಂತು. ಒಂದು ಪತ್ರಿಕೆಯ ಹೆಸರಾಗಿದ್ದದ್ದು ಆ ಜಾತಿಯ ಹೆಸರೇ ಆಗಿಬಿಟ್ಟಿತು. ಕೇವ್ 1754ರಲ್ಲಿ ತೀರಿಕೊಂಡ. ಮರುವರ್ಷ ಜಾನ್ಸನ್ ತನ್ನ ದೊಡ್ಡ ನಿಘಂಟನ್ನು ಪ್ರಕಟಿಸಿದಾಗ ಮ್ಯಾಗಝಿನ್ ಪದಕ್ಕೆ ಗೋದಾಮು, ಶಸ್ತ್ರಾಗಾರ ಎಂಬ ಹಳೆಯ ಅರ್ಥಗಳ ಜೊತೆ ಹೊಸ ಅರ್ಥವನ್ನೂ ಕೊಟ್ಟು, ಕೇವ್‌ನ ಹೆಸರನ್ನೂ ಅಲ್ಲಿ ಬರೆದ.

‘ಸಜ್ಜನರ ಉಗ್ರಾಣ’ ಎಂದಾಗ ಅಲ್ಲಿ ಗಂಡಸರಷ್ಟೇ ಇದ್ದರು ಎಂಬುದನ್ನು ನೀವು ಗಮನಿಸಿರಬಹುದು. ‘ದ ಲೇಡೀಸ್ ಮ್ಯಾಗಝಿನ್’ ಬರಲು 1770 ಆಗಬೇಕಾಯಿತು. ಅರಬಿಯಲ್ಲಿ ಮಹಿಳೆಯರದ್ದೇ ಆದ ಮೊದಲ ಪತ್ರಿಕೆ ‘ಅಲ್ ಫತಾತ್’ ಅಲೆಕ್ಸಾಂಡ್ರಿಯದಲ್ಲಿ ಹೊರಬಂದದ್ದು 1892ರಲ್ಲಿ. ಅದನ್ನು ನಡೆಸಿದವರು ಹಿಂದ್ ನೌಫಲ್ ಎಂಬ ಸಿರಿಯಾ ಮೂಲದ ಕ್ರೈಸ್ತ ಮಹಿಳೆ. ಮಖ್ಝನ್ ಹಡಗು ಹತ್ತಿದ್ದ ಅದೇ ಅಲೆಕ್ಸಾಂಡ್ರಿಯ.

ಅರಬಿಯವರು ಏನನ್ನುತ್ತಾರೆ, ನಾವು ಏನನ್ನುತ್ತೇವೆ

ಇಷ್ಟೆಲ್ಲ ಆದ ಮೇಲೆ ಅರಬರು ತಮ್ಮ ಪತ್ರಿಕೆಗಳಿಗೆ ಮಖ್ಝನ್ ಎನ್ನುತ್ತಾರೆಯೇ? ಇಲ್ಲ. ಅವರಿಗೆ ಅದು ಇಂದಿಗೂ ಗೋದಾಮು. ಪತ್ರಿಕೆಗೆ ಅವರು ‘ಮಜಲ್ಲ’ ಎನ್ನುತ್ತಾರೆ. ಹಿಂದೆ ಗ್ರಂಥ, ಬರಹದ ಸುರುಳಿ ಎಂಬ ಅರ್ಥವಿದ್ದ ಹಳೆಯ ಪದವದು. ಉಸ್ಮಾನಿಯಾ ಸಾಮ್ರಾಜ್ಯ 1869ರಿಂದ 1876ರ ನಡುವೆ ರೂಪಿಸಿದ ಕಾನೂನು ಸಂಹಿತೆಗೂ ಅದೇ ಹೆಸರು. ನಮ್ಮ ಉರ್ದುವಿನ ‘ರಿಸಾಲಾ’ಕ್ಕೆ ಸಂದೇಶ, ಬರೆದು ಕಳಿಸಿದ್ದು ಎಂದರ್ಥ. ‘ರಸೂಲ್’ ಎಂಬ ಪದದ ಧಾತುವೇ ಇದಕ್ಕೂ. ಇಮಾಮ್ ಶಾಫಿಈ(ರ)ರ ಪ್ರಸಿದ್ಧ ಗ್ರಂಥದ ಹೆಸರು ‘ಅರ್ರಿಸಾಲ’. ವಿಚಿತ್ರ ನೋಡಿ, ಉರ್ದುವಿನಲ್ಲಿ ಕುದುರೆ ಸೈನ್ಯದ ತುಕಡಿಗೂ ರಿಸಾಲಾ ಎನ್ನುತ್ತಾರೆ, ಅದರ ಮುಖ್ಯಸ್ಥ ರಿಸಾಲ್ದಾರ. ಇಂಗ್ಲಿಷಿನ ಪತ್ರಿಕೆ ಮದ್ದಿನ ಮನೆಯ ಪಕ್ಕದಲ್ಲಿದ್ದರೆ ನಮ್ಮ ಪತ್ರಿಕೆ ಕುದುರೆ ಲಾಯದ ಪಕ್ಕದಲ್ಲಿದೆ.

ಕನ್ನಡದ ‘ಪತ್ರಿಕೆ’ ಎಲೆ ಎಂಬ ಅರ್ಥದ ‘ಪತ್ರ’ದಿಂದ ಬಂದದ್ದು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಂದಿನಿಂದ ಕನ್ನಡದಲ್ಲಿ ಈ ಎಲೆಗಳು ಉದುರುತ್ತಲೇ ಇವೆ. ಆದರೆ ನನಗೆ ಹೆಚ್ಚು ಇಷ್ಟವಾದ ಪದ ಇನ್ನೊಂದಿದೆ, ‘ಸಂಚಿಕೆ’. ರಮಝಾನ್ ವಿಶೇಷ ಸಂಚಿಕೆ, ಈ ತಿಂಗಳ ಸಂಚಿಕೆ ಎನ್ನುತ್ತೇವಲ್ಲ, ಅದು. ಸಂಸ್ಕೃತದಲ್ಲಿ ‘ಚಿ’ ಧಾತುವಿಗೆ ಒಟ್ಟುಗೂಡಿಸು ಎಂದರ್ಥ. ಸಂಚಯ, ಸಂಚಿತ, ಸಂಚಿಕೆ ಎಲ್ಲವೂ ಕೂಡಿಟ್ಟದ್ದೇ. ಅರಬಿಯವನೂ ಸಂಸ್ಕೃತದವನೂ ಪರಸ್ಪರ ಕೇಳಿಕೊಳ್ಳದೆಯೇ ಒಂದೇ ಕಣಜದ ಬಾಗಿಲಿಗೆ ಬಂದು ನಿಂತಿದ್ದಾರೆ.

ಇಲ್ಲೊಂದು ಮಾತು. ಇಂತಹ ವಿಷಯ ಹೇಳಿದಾಗ ಕೆಲವರು ‘ನೋಡಿ, ಎಲ್ಲವೂ ನಮ್ಮಿಂದಲೇ ಹೋದದ್ದು’ ಎಂದು ಎದೆಯುಬ್ಬಿಸುತ್ತಾರೆ. ಪದ ನಮ್ಮದಾದರೆ ಸಾಲದು. ಪದ ಅರಬಿಯದ್ದು, ತಿಂಗಳ ಉಗ್ರಾಣದ ಉಪಾಯ ಚಮ್ಮಾರನ ಮಗನದ್ದು. ಅವನ ಪಾಲನ್ನು ಅವನಿಗೆ ಕೊಡುವುದು ನ್ಯಾಯ. ನಮ್ಮ ಎಷ್ಟು ಮನೆಗಳಲ್ಲಿ ಹಳೆಯ ಸಂಚಿಕೆಗಳು ವರ್ಷದ ಕೊನೆಗೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ ಎಂಬುದನ್ನು ನೋಡಿದ ಮೇಲೆ ಎದೆ ತಾನಾಗಿಯೇ ಕುಗ್ಗುತ್ತದೆ. ಅಡುಗೆಮನೆಯ ಡಬ್ಬಿಯ ಕೆಳಗೆ ಹಾಸಿದ ಹಾಳೆಯಲ್ಲಿ ಸೊಸೆಯೊಬ್ಬಳು ತನಗೆ ಬೇಕಾಗಿದ್ದ ಮಹ್ರ್‌ನ ಕುರಿತ ಉತ್ತರವನ್ನು ಓದಿದ ಪ್ರಸಂಗ ನನಗೆ ಗೊತ್ತು. ಆ ಹಾಳೆಯಾದರೂ ಅಲ್ಲಿತ್ತಲ್ಲ.

ಪದ ಮನೆಗೆ ಮರಳಿದ್ದು

ಪತ್ರಿಕೆಯ ಅರ್ಥದಲ್ಲಿ ಮಖ್ಝನ್ ತನ್ನ ಹಳೆಯ ಹೆಸರಿನಲ್ಲೇ ಕಾಣಿಸಿಕೊಂಡದ್ದು ಲಾಹೋರಿನಲ್ಲಿ. 1901ರ ಏಪ್ರಿಲ್‌ನಲ್ಲಿ ಶೇಖ್ ಅಬ್ದುಲ್ ಖಾದಿರ್ ಅಲ್ಲಿ ಒಂದು ಉರ್ದು ಮಾಸಪತ್ರಿಕೆ ಆರಂಭಿಸಿದರು. ಹೆಸರು ‘ಮಖ್ಝನ್’. ಮೊದಲ ಸಂಚಿಕೆಯಲ್ಲೇ ಹಿಮಾಲಯದ ಕುರಿತ ಒಂದು ಕವನವಿತ್ತು. ಬರೆದ ತರುಣನ ಹೆಸರು ಮುಹಮ್ಮದ್ ಇಕ್ಬಾಲ್.

ಆದರೆ ಅದೇ ಲಾಹೋರಿನಲ್ಲಿ ಅದಕ್ಕಿಂತ ಮೂರು ವರ್ಷ ಮೊದಲೇ ಇನ್ನೊಂದು ಉಗ್ರಾಣ ತೆರೆದಿತ್ತು. ಅದರ ಕೀಲಿಕೈ ಒಬ್ಬ ಹೆಣ್ಣುಮಗಳ ಕೈಯಲ್ಲಿತ್ತು. ದೇವಬಂದ್‌ನಲ್ಲಿ ಓದಿದ ಮೌಲವಿ ಸಯ್ಯದ್ ಮುಮ್ತಾಝ್ ಅಲಿ ಮತ್ತು ಅವರ ಪತ್ನಿ ಮುಹಮ್ಮದಿ ಬೇಗಂ 1898ರಲ್ಲಿ ‘ತಹ್ಝೀಬೆ ನಿಸ್ವಾನ್’ ಎಂಬ ಮಹಿಳಾ ವಾರಪತ್ರಿಕೆ ಆರಂಭಿಸಿದರು. ಸಂಪಾದಕಿ ಮುಹಮ್ಮದಿ ಬೇಗಂ. ಆಗ ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಹೆಂಗಸಿನ ಹೆಸರು ಲಕೋಟೆಯ ಮೇಲೆ ಕಾಣುವುದೇ ಅವಮಾನ ಎಂದು ಭಾವಿಸುತ್ತಿದ್ದ ಮನೆತನಗಳಿದ್ದ ಕಾಲ. ಆರಂಭದಲ್ಲಿ ಮನೆಗಳಿಗೆ ಉಚಿತವಾಗಿ ಕಳಿಸಿದ ಪ್ರತಿಗಳು ವಾಪಸು ಬರುತ್ತಿದ್ದವು, ಕೆಲವದರ ಮೇಲೆ ಬೈಗುಳ ಬರೆದಿರುತ್ತಿತ್ತು. ಅವರು ನಿಲ್ಲಿಸಲಿಲ್ಲ.

ಮೆಲ್ಲನೆ ಪತ್ರಗಳು ಬರತೊಡಗಿದವು. ಪರದೆಯೊಳಗಿನ ಹೆಂಗಸರು ಮಕ್ಕಳ ಆರೈಕೆ, ಅಡುಗೆ, ಹೆಣ್ಣುಮಕ್ಕಳ ಓದು, ಮದುವೆಯ ದುಂದುವೆಚ್ಚದ ಬಗ್ಗೆ ಬರೆದರು, ಒಬ್ಬರ ಮಾತನ್ನು ಇನ್ನೊಬ್ಬರು ಖಂಡಿಸಿದರು. ಮುಖ ನೋಡದವರು ಅಕ್ಕತಂಗಿಯರಾದರು. ಇದನ್ನು ನೋಡಿ ಅಲಿಗಢದಲ್ಲಿ ಶೇಖ್ ಅಬ್ದುಲ್ಲಾ 1904ರಲ್ಲಿ ‘ಖಾತೂನ್’ ತಂದರು, ಎರಡು ವರ್ಷಗಳಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆಯೂ ತೆರೆಯಿತು. 1908ರಲ್ಲಿ ದಿಲ್ಲಿಯಿಂದ ರಾಶಿದುಲ್ ಖೈರಿಯವರ ‘ಇಸ್ಮತ್’ ಬಂತು. ಕನ್ನಡದಲ್ಲಿ ನಂಜನಗೂಡು ತಿರುಮಲಾಂಬ ‘ಕರ್ನಾಟಕ ನಂದಿನಿ’ ಹೊರತಂದದ್ದು ಅದರ ಮುಂದಿನ ದಶಕದಲ್ಲಿ.

ಮುಹಮ್ಮದಿ ಬೇಗಂ ಕಾದಂಬರಿ ಬರೆದರು, ಮನೆವಾರ್ತೆಯ ಪುಸ್ತಕ ಬರೆದರು. ಅವರ ಅಡುಗೆ ಪುಸ್ತಕದ ಹೆಸರು ‘ನಿಅ್‌ಮತ್‌ಖಾನಾ’. ಹಳೆಯ ಉರ್ದು ಮನೆಗಳಲ್ಲಿ ತಿಂಡಿ ತಿನಿಸು ಜೋಪಾನವಾಗಿಡುವ ಜಾಲರಿ ಬಾಗಿಲಿನ ಕಪಾಟಿಗೆ ಆ ಹೆಸರು. ಅದೂ ಒಂದು ಮಖ್ಝನ್ ತಾನೆ!

1908ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಅವರು ತೀರಿಕೊಂಡರು. ಮಗ ಇಮ್ತಿಯಾಝ್ ಇನ್ನೂ ಎಂಟು ವರ್ಷದ ಹುಡುಗ. ಪತ್ರಿಕೆ ನಿಲ್ಲಲಿಲ್ಲ. ಮನೆಯ ಮಗಳು ವಹೀದಾ ಬೇಗಂ ಸಂಪಾದಕಿಯಾದರು. ಮುಂದೆ, ‘ಅನಾರ್‌ಕಲಿ’ ನಾಟಕ ಬರೆದು ಹೆಸರಾದ ಆ ಹುಡುಗ ಇಮ್ತಿಯಾಝ್ ಅಲಿ ತಾಜ್ ಅದನ್ನು ವಹಿಸಿಕೊಂಡರು. ಒಟ್ಟು ಅರ್ಧ ಶತಮಾನದಷ್ಟು ಕಾಲ ವಾರ ವಾರವೂ ಆ ಪತ್ರಿಕೆ ಮನೆ ಮನೆಯ ಬಾಗಿಲು ತಟ್ಟುತ್ತಿತ್ತು.